ಅಟ್ಟ ಸೇರಿದ ಸ್ಪೀಕರಿಗೆ ಮತ್ತೆ ಕಂಠ

ವರ್ಷಕ್ಕೊಮ್ಮೆ, ದಸರೆಗೋ ದೀಪಾವಳಿಗೋ ಮುಂಚೆ, ಅಟ್ಟ ಗುಡಿಸುವ ಕೆಲಸ ನಮ್ಮ ಪಾಲಿಗೆ ಬಂದೇ ಬರುತ್ತದೆ. ಮುರಿದ ತೊಟ್ಟಿಲು, ತೂತು ಬಿದ್ದ ಕೊಳಗ, ಮಕ್ಕಳ ಹಳೆಯ ಪಠ್ಯಪುಸ್ತಕಗಳ ಕಟ್ಟು, ಇವುಗಳ ನಡುವೆ ಅನೇಕ ಮನೆಗಳಲ್ಲಿ ಎರಡು ಮರದ ಪೆಟ್ಟಿಗೆಗಳೂ ಕೂತಿರುತ್ತವೆ. ಮುಂದೆ ಕಪ್ಪು ಇಲ್ಲವೆ ಕಂದು ಬಣ್ಣದ ಬಟ್ಟೆ, ಹಿಂದೆ ತಂತಿ ಸಿಕ್ಕಿಸುವ ಎರಡು ತಿರುಪು, ಎತ್ತಲು ಹೋದರೆ ಸೊಂಟ ಹಿಡಿಯುವಷ್ಟು ಭಾರ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಹಜಾರದಲ್ಲಿ ಮೆರೆದ ಸ್ಪೀಕರುಗಳಿವು. ಕರಾವಳಿಯ ಕಡೆ ಇವು ಬಹುಪಾಲು ದುಬೈ, ಮಸ್ಕತ್‌ಗಳಿಂದ ಬಂದವು. ಘಟ್ಟದ ಮೇಲಿನ ಊರುಗಳಲ್ಲಿ ಬೆಂಗಳೂರಿನಿಂದಲೋ ಬೊಂಬಾಯಿಯಿಂದಲೋ ಹೊತ್ತು ತಂದವು.

ಇವು ಅಟ್ಟ ಹತ್ತಿದ ಕಥೆ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಮೊದಮೊದಲು ಮೃದಂಗದ ತೊಪ್ಪಿಯ ಪೆಟ್ಟು ಬಿದ್ದಾಗ ಮಾತ್ರ ‘ಬರ್ರ್’ ಎಂದು ಒಡಕು ಸದ್ದು. ಆಮೇಲೆ ಗಾಯಕರ ದನಿಗೇ ನೆಗಡಿ. ಕಡೆಗೆ ಯಾರೋ ‘ಇದರ ಕಥೆ ಮುಗೀತು’ ಅಂದರು, ಅಟ್ಟಕ್ಕೆ ಹೋಯಿತು. ಈಗ ಗುಜರಿಯವನು ಬಂದರೆ ತೂಕಕ್ಕೆ ಕೊಟ್ಟು ಕೈತೊಳೆದುಕೊಳ್ಳೋಣ ಅನ್ನಿಸುವುದು ಸಹಜವೇ. ಅವನು ಕೊಳ್ಳುವುದು ಒಳಗಿನ ಅಯಸ್ಕಾಂತದ ಭಾರಕ್ಕೆ, ಚೂರುಪಾರು ತಾಮ್ರಕ್ಕೆ. ಮರ ಒಲೆಗೆ.

ಕೊಡುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಬಟ್ಟೆಯ ಚೌಕಟ್ಟನ್ನು ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಹೆಚ್ಚಿನವಕ್ಕೆ ಮೂಲೆಗಳಲ್ಲಿ ಬರೀ ಗುಬುಟುಗಳಿರುತ್ತವೆ, ಮೊಳೆ ಇರುವುದಿಲ್ಲ. ಒಳಗೆ ತಟ್ಟೆಯಗಲದ ದೊಡ್ಡ ಸ್ಪೀಕರು ಕಾಣುತ್ತದೆ, ಅದರ ಹೆಸರು ವೂಫರ್. ನಡುವಿನ ಕಪ್ಪು ಕಾಗದದ ಕೋನ್ ಸರಿಯಾಗಿಯೇ ಇರುತ್ತದೆ. ಆದರೆ ಅದರ ಸುತ್ತ, ಕಬ್ಬಿಣದ ಬಳೆಗೂ ಕೋನಿಗೂ ನಡುವೆ ಬೆರಳಗಲದ ಒಂದು ಮೆತ್ತನೆಯ ಅಂಚು ಇರಬೇಕಲ್ಲ, ಅದನ್ನು ಬೆರಳಿನಿಂದ ಮುಟ್ಟಿ ನೋಡಿ. ಹಳೆಯ ರವೆ ಉಂಡೆಯ ಹಾಗೆ ಪುಡಿಪುಡಿಯಾಗಿ ಉದುರಿತೇ? ಹಾಗಿದ್ದರೆ ಸಂತೋಷಪಡಿ. ಬಹುಮಟ್ಟಿಗೆ ನಿಮ್ಮ ಸ್ಪೀಕರಿನಲ್ಲಿ ಕೆಟ್ಟಿರುವುದು ಅಷ್ಟೇ. ಆ ಅಂಚನ್ನು ಮನೆಯಲ್ಲೇ ಬದಲಾಯಿಸಬಹುದು, ಕಸೂತಿ ಹಾಕಿ ಗೊತ್ತಿರುವ ಕೈಗೆ ಇದು ಕಷ್ಟದ ಕೆಲಸವೇ ಅಲ್ಲ.

ಸ್ಪೀಕರು ಮಾತಾಡುವುದು ಹೇಗೆ?

ಒಳಗಿನ ಯಂತ್ರ ಬಹಳ ಸರಳ. ಕೋನಿನ ಬುಡಕ್ಕೆ ಕೂದಲೆಳೆಯಷ್ಟು ತೆಳ್ಳನೆಯ ತಂತಿಯನ್ನು ಸುರುಳಿಯಾಗಿ ಸುತ್ತಿ ಅಂಟಿಸಿರುತ್ತಾರೆ. ಈ ಸುರುಳಿಯನ್ನು ರಿಪೇರಿಯವರು ಕಾಯಿಲ್ ಅನ್ನುತ್ತಾರೆ. ಅದು ಒಂದು ದಪ್ಪ ಅಯಸ್ಕಾಂತದ ಸಂದಿಯಲ್ಲಿ, ಗೋಡೆಗೆ ತಾಗದ ಹಾಗೆ ತೂಗುತ್ತಿರುತ್ತದೆ. ಹಾಡಿನ ವಿದ್ಯುತ್ತು ಸುರುಳಿಯಲ್ಲಿ ಹರಿದಂತೆಲ್ಲ ಅದು ಮುಂದಕ್ಕೂ ಹಿಂದಕ್ಕೂ ಜಗ್ಗುತ್ತದೆ, ಜತೆಗೆ ಕೋನೂ ಜಗ್ಗುತ್ತದೆ, ಗಾಳಿ ಅಲುಗಾಡಿ ನಮ್ಮ ಕಿವಿಗೆ ಹಾಡಾಗುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್, ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು 1925ರಲ್ಲಿ ಇದರ ಲೆಕ್ಕಾಚಾರವನ್ನು ಪ್ರಕಟಿಸಿದರು. ಇವತ್ತಿನ ಮೊಬೈಲಿನೊಳಗಿನ ಪುಟಾಣಿ ಸ್ಪೀಕರೂ ಮೂಲತಃ ಅದೇ ಜಾತಿಯದು.

ಸಣ್ಣ ದನಿಗಳಿಗೆ ಕೋನು ಅಷ್ಟಾಗಿ ಅಲುಗಬೇಕಿಲ್ಲ. ಮದ್ದಲೆ, ತಂಬೂರಿ, ಗಂಡಸರ ದಪ್ಪ ಕಂಠ ಇವಕ್ಕೆ ಮಾತ್ರ ಅದು ಧಾರಾಳವಾಗಿ ಓಡಾಡಬೇಕು. ಓಡಾಡಬೇಕು, ಆದರೆ ಅತ್ತಿತ್ತ ವಾಲಬಾರದು. ವಾಲಿದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತದೆ. ಈ ಎರಡು ಕೆಲಸವನ್ನೂ ಒಟ್ಟಿಗೆ ಮಾಡಬೇಕಾದದ್ದು ಆ ಬೆರಳಗಲದ ಅಂಚು. ಸೀರೆಗೆ ಫಾಲ್ ಇದ್ದ ಹಾಗೆ ಅಂದುಕೊಳ್ಳಿ. ಕಣ್ಣಿಗೆ ಬೀಳುವುದಿಲ್ಲ, ಅದಿಲ್ಲದಿದ್ದರೆ ನೆರಿಗೆ ನಿಲ್ಲುವುದಿಲ್ಲ.

ಹಾಸಿಗೆ ಬಟ್ಟೆಯ ಅಂಚು

ಈ ಅಂಚಿನ ಹಿಂದೆ ಒಬ್ಬ ಗೃಹಿಣಿಯ ಕೈಯಿದೆ ಎಂದು ತಿಳಿದಾಗ ನನಗೇ ಅಚ್ಚರಿಯಾಯಿತು. ಐವತ್ತರ ದಶಕದ ಮೊದಲ ವರ್ಷಗಳವರೆಗೆ ತಗ್ಗಿನ ಸ್ವರ ಚೆನ್ನಾಗಿ ಕೇಳಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೇ ಬೇಕಾಗಿತ್ತು. ಆಗಿನ ಸ್ಪೀಕರುಗಳ ಅಂಚು ಗಡುಸು. ಅದೇ ಸ್ಪ್ರಿಂಗಿನಂತೆ ಕೋನನ್ನು ಹಿಂದಕ್ಕೆ ಎಳೆಯುತ್ತಿತ್ತು. ಜೋರಾಗಿ ಅಲುಗಿದಾಗ ಎಳೆತ ಒಂದೇ ಸಮ ಇರದೆ ದನಿ ಒಡೆಯುತ್ತಿತ್ತು. ನ್ಯೂಯಾರ್ಕಿನ ಬಳಿ ವುಡ್‌ಸ್ಟಾಕ್ ಎಂಬ ಊರಿನಲ್ಲಿದ್ದ ಎಡ್ಗರ್ ವಿಲ್ಚರ್ ಎಂಬ ಅಧ್ಯಾಪಕನಿಗೆ ಒಂದು ಯೋಚನೆ ಹೊಳೆಯಿತು. ಅಂಚನ್ನು ಪೂರಾ ಸಡಿಲ ಮಾಡಿ, ಪೆಟ್ಟಿಗೆಯನ್ನು ಗಾಳಿಯಾಡದ ಹಾಗೆ ಮುಚ್ಚಿಬಿಟ್ಟರೆ ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗಾಗುತ್ತದಲ್ಲವೆ? ಸೈಕಲ್ ಪಂಪಿನ ತುದಿಗೆ ಹೆಬ್ಬೆರಳು ಒತ್ತಿ ಹಿಡಿದು ಹಿಡಿ ಒತ್ತಿದರೆ ಅದು ಪುಟಿದು ಮೇಲೆ ಬರುವುದನ್ನು ನೀವೂ ನೋಡಿರುತ್ತೀರಿ. ಅದೇ ಗುಟ್ಟು.

ಯೋಚನೆ ಸರಿ, ಅಷ್ಟು ಸಡಿಲವಾದ ಅಂಚು ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಮನೆಯಲ್ಲೇ ಆಯಿತು. ಅವನ ಹೆಂಡತಿ ರೋಸ್‌ಮೇರಿ ಯುದ್ಧಕಾಲದಲ್ಲಿ ನಕಾಶೆ ಬರೆಯುವ ಕೆಲಸ ಮಾಡಿದ್ದಾಕೆ. ಆಕೆ ಅಂಚಿಗೆ ಮಾದರಿ ಬರೆದುಕೊಟ್ಟಳು. ಬಟ್ಟೆ ಯಾವುದು ಗೊತ್ತೆ? ಹಾಸಿಗೆ ಹೊಲಿಯುವ ಗಟ್ಟಿ ಬಟ್ಟೆ! ಹೀಗೆ ಪ್ಲೈವುಡ್ಡಿನ ಪೆಟ್ಟಿಗೆ, ಹಾಸಿಗೆ ಬಟ್ಟೆಯ ಅಂಚಿನಿಂದ ಆ ಮೊದಲ ಮಾದರಿ ಸಿದ್ಧವಾಯಿತು. 1954ರಲ್ಲಿ ವಿಲ್ಚರ್ ತನ್ನ ಶಿಷ್ಯ ಹೆನ್ರಿ ಕ್ಲಾಸ್ ಜತೆ ಸೇರಿ ಮ್ಯಾಸಚುಸೆಟ್ಸ್ ಪ್ರಾಂತದ ಕೇಂಬ್ರಿಜ್‌ನಲ್ಲಿ ಅಕೂಸ್ಟಿಕ್ ರಿಸರ್ಚ್ ಎಂಬ ಕಂಪನಿ ತೆರೆದ. ಬೀರುವಿನ ಕೆಲಸವನ್ನು ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆ ಮಾಡತೊಡಗಿತು. ಹಿಡಿಸುವಷ್ಟು ಚಿಕ್ಕದಾದ ಮೇಲೆಯೇ ತಾನೆ, ಅದು ಸಾಮಾನ್ಯರ ಹಜಾರಕ್ಕೆ ಬಂದದ್ದು?

ಆ ಕಂಪನಿಯವರು ತಮ್ಮ ಪೆಟ್ಟಿಗೆಯ ಮೇಲೆ ಎಷ್ಟು ಭರವಸೆ ಇಟ್ಟಿದ್ದರೆಂದರೆ, ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ಪಿಟೀಲುವಾದ್ಯದವರ ತಂಡವನ್ನು ಕೂರಿಸಿ ಸಭೆಯಲ್ಲಿ ಕಛೇರಿ ಮಾಡಿಸುತ್ತಿದ್ದರು. ನಡುವೆ ವಾದಕರು ಬರಿದೆ ಕಮಾನು ಆಡಿಸುತ್ತಿದ್ದರು, ಸದ್ದು ಮಾತ್ರ ಸ್ಪೀಕರಿನಿಂದ. ಯಾವುದು ಯಾವುದೆಂದು ಕೇಳುಗರಿಗೆ ಗೊತ್ತಾಗುತ್ತಿರಲಿಲ್ಲ. 1958ರ ಇವರ ‘ಎ.ಆರ್. 3’ ಎಂಬ ಸ್ಪೀಕರು ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ವಿಲ್ಚರ್ ಮುಂದೆ ಕಿವುಡರ ಶ್ರವಣಯಂತ್ರದ ಸಂಶೋಧನೆಗೆ ತೊಡಗಿ, ಕಂಡುಕೊಂಡದ್ದನ್ನು ಪೇಟೆಂಟ್ ಮಾಡದೆ ಎಲ್ಲರಿಗೂ ಬಿಟ್ಟುಕೊಟ್ಟ, 2011ರಲ್ಲಿ ತೀರಿಕೊಂಡ.

ಹೆಂಗಸರ ಹೆಸರು ಇಂತಹ ಕಡೆ ಹುಡುಕಿದರೆ ಮಾತ್ರ ಸಿಗುತ್ತದೆ ನೋಡಿ. ಇಂಗ್ಲೆಂಡಿನ ‘ಸ್ಪೆಂಡಾರ್’ ಸ್ಪೀಕರುಗಳಿಗೆ ಇಂದಿಗೂ ಬಹಳ ಬೆಲೆ. ಬಿಬಿಸಿಯಲ್ಲಿದ್ದ ಸ್ಪೆನ್ಸರ್ ಹ್ಯೂಸ್, ಅವನ ಮಡದಿ ಡೊರೊತಿ ಇಬ್ಬರೂ ಕೂಡಿ ಕಟ್ಟಿದ ಕಂಪನಿ ಅದು. ಸ್ಪೆನ್ಸರಿನ ‘ಸ್ಪೆನ್’, ಡೊರೊತಿಯ ‘ಡಾರ್’ ಸೇರಿ ಆದ ಹೆಸರು. ಪುಣ್ಯಕ್ಕೆ ಅಲ್ಲಿ ಅರ್ಧ ಹೆಸರಾದರೂ ಪೆಟ್ಟಿಗೆಯ ಮೇಲೆ ಉಳಿದಿದೆ.

ಪುಡಿಯಾಗುವುದು ಏಕೆ?

ಬಟ್ಟೆಯ ಅಂಚಿನ ಮೊದಮೊದಲ ಸ್ಪೀಕರುಗಳಲ್ಲಿ ಎಷ್ಟೋ ಇಂದಿಗೂ ಗಟ್ಟಿಯಾಗಿವೆ. 1970ರ ಸುಮಾರಿಗೆ ಎಲ್ಲ ಕಡೆ ಪಾಲಿಯುರೆಥೇನ್ ಫೋಮ್ ಬಳಕೆಗೆ ಬಂತು. ಹಗುರ, ಮೆತ್ತಗೆ, ಅಚ್ಚಿನಲ್ಲಿ ಒತ್ತಿ ತೆಗೆಯಲು ಸುಲಭ. ಎಲ್ಲ ಗುಣವೂ ಇತ್ತು, ಆಯುಸ್ಸೊಂದು ಬಿಟ್ಟು. ಗಾಳಿಯ ತೇವ ಒಳಹೊಕ್ಕು ಫೋಮಿನ ಕಣಗಳ ಕೊಂಡಿಯನ್ನು ಒಂದೊಂದಾಗಿ ಬಿಡಿಸುತ್ತದೆ. ಸೆಕೆ, ಬಿಸಿಲು ಸೇರಿದರೆ ಇನ್ನೂ ಬೇಗ. ಹದಿನೈದು ಇಪ್ಪತ್ತು ವರ್ಷಕ್ಕೆ ಅದು ಪುಡಿ. ನೀವು ಸ್ಪೀಕರು ಹಾಕಿದಿರೋ ಇಲ್ಲವೋ ಅದಕ್ಕೆ ಲೆಕ್ಕವಿಲ್ಲ, ಬಟ್ಟೆ ಹೊದಿಸಿ ಜೋಪಾನ ಮಾಡಿಟ್ಟ ಪೆಟ್ಟಿಗೆಯೂ ಕೆಡುತ್ತದೆ. ಆದ್ದರಿಂದ ‘ಮಕ್ಕಳು ಜೋರಾಗಿ ಹಾಕಿ ಹಾಳುಮಾಡಿದರು’ ಎಂದು ಇಷ್ಟು ವರ್ಷ ಬೈದುಕೊಂಡಿದ್ದರೆ ಈಗ ಆ ಮಕ್ಕಳನ್ನು ಕ್ಷಮಿಸಬಹುದು. ನಮ್ಮ ಉಡುಪಿ, ಮಂಗಳೂರು, ಕಾರವಾರದ ಹವೆಯಲ್ಲಂತೂ ಫೋಮಿಗೆ ಉಳಿಗಾಲ ಕಡಿಮೆ.

ಅಂಚು ರಬ್ಬರಿನದಾಗಿದ್ದರೆ ಇಷ್ಟು ಬೇಗ ಕೆಡದು. ಬೆರಳಲ್ಲಿ ಒತ್ತಿದಾಗ ಮೆತ್ತಗೆ ಪುಟಿದರೆ ಅದನ್ನು ಹಾಗೇ ಬಿಡಿ. ಬಟ್ಟೆಯ ಅಂಚೂ ಅಷ್ಟೇ.

ಉಡುಪಿಯ ಒಂದು ಊಟದ ಮೇಜು

ನನ್ನ ಪರಿಚಯದ ಒಬ್ಬ ಗೃಹಿಣಿ ಉಡುಪಿಯಲ್ಲಿದ್ದಾರೆ. ವಯಸ್ಸು ಅರವತ್ತು ದಾಟಿದೆ. ಅವರ ಯಜಮಾನರು ಮಸ್ಕತ್‌ನಲ್ಲಿದ್ದವರು, 1983ರಲ್ಲಿ ಊರಿಗೆ ಬರುವಾಗ ಒಂದು ಜೊತೆ ಜಪಾನಿ ಸ್ಪೀಕರು ತಂದಿದ್ದರು. ಊರಲ್ಲಿದ್ದಷ್ಟು ದಿನ ಸಂಜೆಯಾದರೆ ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ಟು, ಚೆಂಡೆಯ ಪೆಟ್ಟಿಗೆ ಕಿಟಕಿಯ ಸರಳು ಅದುರಬೇಕು. ಮಸ್ಕತ್ತಿಗೆ ಹಿಂದಿರುಗಿದ ಮೇಲೆ ಅವರು ಕಾಗದ ಬರೆಯುತ್ತಿದ್ದುದು ಕಡಿಮೆ. ಖಾಲಿ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಆಗ ಕೊಲ್ಲಿಯಲ್ಲಿದ್ದವರ ಮನೆಗಳಲ್ಲಿ ಇಂಥ ‘ಮಾತಿನ ಕಾಗದ’ ಬರುವುದಿತ್ತು. ಫೋನಿನ ಮಾತು ಬಲು ದುಬಾರಿಯಾಗಿದ್ದ ಕಾಲ.

ಯಜಮಾನರು ತೀರಿಹೋಗಿ ಕೆಲವು ವರ್ಷವಾಗಿದೆ. ಮಗಳು ಆ ಕ್ಯಾಸೆಟ್ಟುಗಳಲ್ಲಿ ಉಳಿದ ನಾಲ್ಕನ್ನು ಮೊಬೈಲಿಗೆ ಹಾಕಿಸಿಕೊಟ್ಟಳು. ಕೇಳಿದರೆ ಮಾತು ಅವರದೇ, ಕಂಠ ಅವರದಲ್ಲ! ‘ಯಾರೋ ಡಬ್ಬದ ಒಳಗಿನಿಂದ ಅವರ ಹಾಗೆ ಮಾತಾಡಿದಂತಿತ್ತು ಮಾರಾಯ್ತಿ’ ಅಂದರು ನನ್ನ ಹತ್ತಿರ. ಇದು ಬರಿಯ ಮನಸ್ಸಿನ ಮಾತಲ್ಲ, ಲೆಕ್ಕವೂ ಹೌದು. ಗಂಡಸಿನ ಮಾತಿನ ಮೂಲ ಸ್ವರ ಸೆಕೆಂಡಿಗೆ ಸುಮಾರು 100ರಿಂದ 150 ಕಂಪನ. ಮೊಬೈಲಿನ ಕಾಳಿನಷ್ಟು ಸ್ಪೀಕರಿಗೆ ಅಷ್ಟು ತಗ್ಗಿಗೆ ಇಳಿಯುವ ಶಕ್ತಿಯೇ ಇಲ್ಲ. ಮಾತು ಅರ್ಥವಾಗುತ್ತದೆ, ಎದೆಯಿಂದ ಬರುವ ಭಾಗ ಬರುವುದಿಲ್ಲ. ಅದನ್ನು ಕೊಡಬಲ್ಲದ್ದು ಎಂಟು ಇಂಚಿನ ವೂಫರು. ಅದೋ ಅಟ್ಟದ ಮೇಲೆ ಅಂಚು ಪುಡಿಯಾಗಿ ಕೂತಿತ್ತು.

ರಿಪೇರಿಯವನನ್ನು ಕರೆಸಿದರು. ಹುಡುಗ ಒಳ್ಳೆಯವನೇ. ನೋಡಿ ಹೇಳಿದ: ‘ಇದು ಇನ್ನು ಆಗ್ಲಿಕ್ಕಿಲ್ಲ ಅಕ್ಕಾ. ಒಳಗಿನದ್ದು ತೆಗ್ದು ಹೊಸ ಸ್ಪೀಕರ್ ಹಾಕುವ, ಇದೇ ಸೈಜಿನದ್ದು ಸಿಗ್ತದೆ.’

‘ಎಂತದ್ದು ಹೋಗಿದೆ ಅದ್ರಲ್ಲಿ?’

‘ಫೋಮ್ ಹೋಗಿದೆ.’

‘ಫೋಮ್ ಮಾತ್ರ ಹಾಕ್ಲಿಕ್ಕೆ ಆಗುದಿಲ್ವಾ?’

‘ಆಗ್ತದೆ. ಆದ್ರೆ ಅದೊಂದು ಕಿರಿಕಿರಿ ಕೆಲ್ಸ ಅಕ್ಕಾ, ಎರಡು ದಿನ ಕೂತ್ಕೊಳ್ಬೇಕು.’

ಎರಡು ದಿನ ಕೂತು ಮಾಡುವ ಕಿರಿಕಿರಿ ಕೆಲಸಕ್ಕೆ ನಾವು ಹೆದರುವವರಾಗಿದ್ದರೆ ಹಪ್ಪಳ ಸಂಡಿಗೆ ಯಾರು ಮಾಡುತ್ತಿದ್ದರು? ಅವರೇ ಕೂತರು. ನಾನೂ ಒಂದು ದಿನ ಜತೆಗಿದ್ದೆ. ಮಾಡಿದ ಬಗೆ ಹೀಗೆ.

ಮೊದಲು ಪೆಟ್ಟಿಗೆಗೆ ಬಂದ ತಂತಿಗಳನ್ನೆಲ್ಲ ಬಿಚ್ಚಿ, ಅದನ್ನು ಅಂಗಾತ ಮಲಗಿಸಿ. ವೂಫರಿನ ಸುತ್ತಲಿನ ತಿರುಪುಗಳನ್ನು ತೆಗೆಯುವಾಗ ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಒಳಗಿನ ಅಯಸ್ಕಾಂತ ಅದನ್ನು ಸರಕ್ಕನೆ ಎಳೆದುಕೊಂಡು ಕೋನಿಗೇ ಚುಚ್ಚಿಸಿಬಿಡುತ್ತದೆ. ಬೇಕಾದರೆ ಕೋನಿನ ಮೇಲೆ ಒಂದು ರಟ್ಟು ಇಟ್ಟುಕೊಳ್ಳಿ. ವೂಫರನ್ನು ಎತ್ತಿದ ಮೇಲೆ ಅದಕ್ಕೆ ಬಂದಿರುವ ಎರಡು ತಂತಿಗಳಲ್ಲಿ ಯಾವ ಬಣ್ಣದ್ದು ಕೆಂಪು ಗುರುತಿನ ಕಡೆಗಿದೆ ಎಂದು ಬರೆದಿಡಿ, ಇಲ್ಲವೆ ಮೊಬೈಲಿನಲ್ಲಿ ಒಂದು ಫೋಟೋ ಹಿಡಿಯಿರಿ. ಅದಲುಬದಲಾದರೆ ಒಂದು ಸ್ಪೀಕರು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದು, ತಗ್ಗಿನ ಸ್ವರ ಒಂದನ್ನೊಂದು ನುಂಗಿಹಾಕುತ್ತವೆ.

ಈಗ ಪರೀಕ್ಷೆ. ಎರಡು ಕೈಯ ಬೆರಳುಗಳನ್ನು ಕೋನಿನ ಮೇಲೆ ಎದುರುಬದುರಾಗಿ ಇಟ್ಟು ಸಮನಾಗಿ ಒತ್ತಿ. ಸದ್ದಿಲ್ಲದೆ ಇಳಿದು ಏರಿದರೆ ಸುರುಳಿ ಚೆನ್ನಾಗಿದೆ. ಹೇಗೆ ಒತ್ತಿದರೂ ಗರಗರ ಅಂದರೆ ಸುರುಳಿ ಸುಟ್ಟು ಉಬ್ಬಿರಬಹುದು, ಅದು ನಮ್ಮ ಕೈಯ ಕೆಲಸವಲ್ಲ. ಇನ್ನೊಂದು ಪರೀಕ್ಷೆಗೆ ಟಾರ್ಚಿನ ಒಂದು ಪೆನ್ಸಿಲ್ ಸೆಲ್ ಸಾಕು. ಎರಡು ತಂತಿ ಹಿಡಿದು ವೂಫರಿನ ಎರಡು ಕಿವಿಗೆ ಒಂದು ಕ್ಷಣ ಮುಟ್ಟಿಸಿ. ‘ಟಪ್’ ಎಂದು ಕೋನು ಅಲುಗಿದರೆ ಜೀವವಿದೆ. ಸೆಲ್ಲಿನ ಪ್ಲಸ್ಸು ಕೆಂಪು ಗುರುತಿಗೆ ತಾಗಿದಾಗ ಸಾಮಾನ್ಯವಾಗಿ ಕೋನು ಮುಂದಕ್ಕೆ ಬರುತ್ತದೆ. ಮೇಲಿನ ಸಣ್ಣ ಸ್ಪೀಕರಿಗೆ, ಅಂದರೆ ಟ್ವೀಟರಿಗೆ, ಈ ಪರೀಕ್ಷೆ ಬೇಡ. ಅದು ನಾಜೂಕು.

ಹೊಸ ಅಂಚು ತರಿಸುವ ಮುಂಚೆ ಅಳತೆ. ವೂಫರು ‘ಎಂಟು ಇಂಚು’ ಅಂದರೆ ಸಾಲದು. ಕುಪ್ಪಸಕ್ಕೆ ಅಳತೆ ಕೊಟ್ಟ ಹಾಗೆಯೇ: ಕೋನಿನ ಅಡ್ಡಗಲ ಎಷ್ಟು, ಕಬ್ಬಿಣದ ಬಳೆಯ ಒಳಗಿನ ಅಗಲ ಎಷ್ಟು, ಹೊರಗಿನದು ಎಷ್ಟು, ಅಂಚಿನ ಉಬ್ಬು ಎಷ್ಟು ಅಗಲ, ಇವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಹಳೆಯ ಅಂಚು ಕೋನಿನ ಮುಂದುಗಡೆ ಅಂಟಿತ್ತೋ ಹಿಂದುಗಡೆಯೋ ಅದನ್ನೂ ನೋಡಿ. ದೊಡ್ಡ ಊರಿನ ಸ್ಪೀಕರ್ ಸಾಮಾನಿನ ಅಂಗಡಿಗಳಲ್ಲಿ ‘ಫೋಮ್ ರಿಂಗ್’ ಅಂದರೆ ಕೊಡುತ್ತಾರೆ, ಈಗ ಅಂಚೆಯಲ್ಲೂ ತರಿಸಬಹುದು. ಹೊಸ ಜೋಡಿ ಸ್ಪೀಕರಿನ ಬೆಲೆಯ ಮುಂದೆ ಇದು ಏನೂ ಅಲ್ಲ. ಒಂದೇ ಕೆಟ್ಟಿದ್ದರೂ ಎರಡಕ್ಕೂ ಹಾಕಿ.

ಹಳೆಯದನ್ನು ಕೀಳುವುದೇ ಬೇಸರದ ಕೆಲಸ. ಬಳೆಯ ಮೇಲೆ ಅಂಟಿರುವ ರಟ್ಟಿನ ಉಂಗುರವನ್ನು ಮೊಂಡು ಚಾಕುವಿನಿಂದ ಸುತ್ತಲೂ ಮೆಲ್ಲಗೆ ಎಬ್ಬಿಸಿ ತೆಗೆದಿಡಿ, ಅದು ಮತ್ತೆ ಬೇಕು. ಫೋಮಿನ ಪುಡಿಯನ್ನು ಬೆರಳಿನಿಂದಲೇ ಉಜ್ಜಿ ಉದುರಿಸಿ. ಅಂಟಿಕೊಂಡ ಜಿಗುಟಿಗೆ ಹತ್ತಿಯಲ್ಲಿ ಒಂದಿಷ್ಟು ಸ್ಪಿರಿಟ್ ಹಚ್ಚಿ ಒರೆಸಿ. ಕಾಗದದ ಕೋನು ತೊಯ್ಯಬಾರದು. ಈ ಹಂತದಲ್ಲಿ ಕಿಟಕಿ ತೆರೆದಿರಲಿ, ಒಲೆ ಆರಿರಲಿ.

ಅಂಟಿಗೆ ಮರಗೆಲಸದವರ ಬಿಳಿಯ ಫೆವಿಕಾಲೇ ಸಾಕು, ಕಾಗದದ ಕೋನಿಗೆ ಇದರಷ್ಟು ಒಳ್ಳೆಯದಿಲ್ಲ. ಕ್ಷಣದಲ್ಲಿ ಹಿಡಿದುಬಿಡುವ ಅಂಟು ಖಂಡಿತ ಬೇಡ. ನಮಗೆ ಬೇಕಾದದ್ದು ಸರಿಪಡಿಸಿಕೊಳ್ಳಲು ಪುರುಸೊತ್ತು. ಕೋನು ಪ್ಲಾಸ್ಟಿಕ್ಕಿನದಾದರೆ ಮಾತ್ರ ಫೆವಿಕಾಲ್ ಹಿಡಿಯುವುದಿಲ್ಲ, ರಿಂಗ್ ಮಾರುವವರ ಹತ್ತಿರವೇ ತಕ್ಕ ಅಂಟು ಕೇಳಿ. ಮೊದಲ ದಿನ ಅಂಚನ್ನು ಕೋನಿಗಷ್ಟೇ ಅಂಟಿಸಿ, ಕಡುಬಿನ ಅಂಚು ಒತ್ತಿದ ಹಾಗೆ ಸುತ್ತಲೂ ಬೆರಳಿನಿಂದ ಒತ್ತುತ್ತ ಬನ್ನಿ. ರಾತ್ರಿಯೆಲ್ಲ ಆರಲಿ.

ಮರುದಿನದ ಕೆಲಸಕ್ಕೇ ತಾಳ್ಮೆ ಬೇಕಾದದ್ದು. ಬಳೆಗೆ ಅಂಟು ಹಚ್ಚಿ ಅಂಚನ್ನು ಕೂರಿಸಿ, ಅಂಟು ಹಸಿಯಿರುವಾಗಲೇ ಕೋನನ್ನು ಮತ್ತೆಮತ್ತೆ ಸಮನಾಗಿ ಒತ್ತಿ ಬಿಟ್ಟು ಕೇಳುತ್ತಿರಬೇಕು. ‘ಸರ್ರ್’ ಎಂದು ಉಜ್ಜಿದ ಸದ್ದು ಬಂದರೆ ಕೋನು ನಡುವಿನಲ್ಲಿಲ್ಲ ಎಂದರ್ಥ. ಅಂಚನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಮತ್ತೆ ಒತ್ತಿ. ಉಡುಪಿಯ ಆ ತಾಯಿ ಕಣ್ಣುಮುಚ್ಚಿ, ಕಿವಿ ಕೋನಿನ ಹತ್ತಿರ ಹಿಡಿದು, ಹನ್ನೆರಡು ಹದಿಮೂರು ಸಲ ಸರಿಸಿದರು. ಒಲೆಯ ಮೇಲಿನ ಅನ್ನ ಸೀದದ್ದೂ ಆ ದಿನ ಇಬ್ಬರಿಗೂ ತಿಳಿಯಲಿಲ್ಲ. ಸದ್ದು ನಿಂತ ಕೂಡಲೇ ಸುತ್ತಲೂ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಿಕ್ಕಿಸಿ ಬಿಟ್ಟರು. ಇಪ್ಪತ್ತು ಕ್ಲಿಪ್ಪು ಕಚ್ಚಿಕೊಂಡ ವೂಫರು ಮೇಜಿನ ಮೇಲೆ ಸೂರ್ಯಕಾಂತಿ ಹೂವಿನಂತೆ ಇಡೀ ದಿನ ಇತ್ತು. ಮನೆಯವರು ನೆಲದ ಮೇಲೆ ಎಲೆ ಹಾಕಿಕೊಂಡು ಉಂಡರು.

ಅಷ್ಟು ನಾಜೂಕಾಗಿ ಕೇಳಲು ಆಗದವರಿಗೆ ಇನ್ನೊಂದು ದಾರಿಯಿದೆ. ಕೋನಿನ ನಡುವಿನ ಗುಮ್ಮಟದಂಥ ಮುಚ್ಚಳವನ್ನು ಬ್ಲೇಡಿನಿಂದ ಬಿಡಿಸಿ, ಸುರುಳಿಗೂ ಒಳಗಿನ ಕಬ್ಬಿಣಕ್ಕೂ ನಡುವೆ ಹಳೆಯ ಎಕ್ಸ್‌ರೇ ಹಾಳೆಯ ನಾಲ್ಕು ಸಣ್ಣ ಪಟ್ಟಿಗಳನ್ನು ಇಳಿಬಿಡುವುದು. ಸುರುಳಿ ತಾನಾಗಿ ನಡುವಿನಲ್ಲಿ ನಿಲ್ಲುತ್ತದೆ. ಅಂಟು ಆರಿದ ಮೇಲೆ ಪಟ್ಟಿ ಎಳೆದು ಮುಚ್ಚಳ ಮತ್ತೆ ಅಂಟಿಸಬೇಕು. ನಿಶ್ಚಿತ ದಾರಿ, ಆದರೆ ಮುಚ್ಚಳಕ್ಕೆ ಗಾಯದ ಗುರುತು ಉಳಿಯುತ್ತದೆ.

ಮೂರನೆಯ ದಿನ ಸಂಜೆ ಪೆಟ್ಟಿಗೆಗಳನ್ನು ಹಜಾರದಲ್ಲಿ ಅವುಗಳ ಹಳೆಯ ಜಾಗದಲ್ಲೇ ಇಟ್ಟರು. ಮಗಳು ಮೊದಲು ನಾವಡರನ್ನು ಹಾಕಿದಳು. ಆಮೇಲೆ ಮಸ್ಕತ್ತಿನ ಕ್ಯಾಸೆಟ್ಟು. ‘ಬಾವಿಗೆ ಹೊಸ ಹಗ್ಗ ತಂದ್ರಾ ಇಲ್ವಾ, ಮಳೆಗಾಲಕ್ಕೆ ಮೊದ್ಲು ತನ್ನಿ’ ಎಂದು ಯಜಮಾನರು ಹೇಳುತ್ತಿದ್ದರು. ಆಕೆ ಸುಮ್ಮನೆ ಕೇಳಿದರು. ಮುಗಿದ ಮೇಲೆ, ‘ಹೌದು, ಇದು ಅವರೇ’ ಅಂದರು. ಎದ್ದು ದೀಪ ಹಚ್ಚಲು ಹೋದರು.

ಮಾರ್ಪಾಡು ಎಷ್ಟು ಸರಿ?

ರಿಪೇರಿಯ ಹುಡುಗ ಹೇಳಿದಂತೆ ಅದೇ ಅಳತೆಯ ಹೊಸ ಸ್ಪೀಕರು ಕೂರಿಸಿದ್ದರೆ ಏನಾಗುತ್ತಿತ್ತು? ಸದ್ದು ಬರುತ್ತಿತ್ತು, ಬಹುಶಃ ಹಿಂದಿಗಿಂತ ಜೋರಾಗಿಯೇ. ಆದರೆ ವೂಫರೂ ಪೆಟ್ಟಿಗೆಯೂ ಗಂಡಹೆಂಡಿರಂತೆ ಹೊಂದಿಕೊಂಡಿರುತ್ತವೆ. ಪೆಟ್ಟಿಗೆಯೊಳಗಿನ ಗಾಳಿಯೇ ಸ್ಪ್ರಿಂಗು ಎಂದೆನಲ್ಲ, ಆ ಸ್ಪ್ರಿಂಗಿಗೆ ತಕ್ಕ ತೂಕ, ತಕ್ಕ ಸಡಿಲ ನೋಡಿ ವೂಫರನ್ನು ಮಾಡಿರುತ್ತಾರೆ. ಬೇರೆಯದನ್ನು ತಂದು ಕೂರಿಸಿದರೆ ಒಂದೋ ತಗ್ಗಿನ ಸ್ವರ ಬಡಬಡ ಎನ್ನುತ್ತದೆ, ಇಲ್ಲವೆ ಮಾಯವಾಗುತ್ತದೆ. ಹಾಗೆಯೇ ‘ಇನ್ನೊಂದು ಟ್ವೀಟರ್ ಹಾಕೋಣ, ಮುಂದೆ ತೂತು ಕೊರೆಯೋಣ’ ಎನ್ನುವ ಉತ್ಸಾಹಿಗಳೂ ಉಂಟು. ಮುಚ್ಚು ಪೆಟ್ಟಿಗೆಗೆ ತೂತು ಕೊರೆಯುವುದೆಂದರೆ ಕುಕ್ಕರಿನ ಮುಚ್ಚಳಕ್ಕೆ ತೂತು ಕೊರೆದಂತೆ. ನನ್ನ ಮಟ್ಟಿಗೆ ಹೇಳುವುದಾದರೆ, ಕೆಟ್ಟದ್ದನ್ನು ಮಾತ್ರ ಬದಲಾಯಿಸುವುದು ಲೇಸು. ತಯಾರಿಸಿದವರು ಕಿವಿಕೊಟ್ಟು ಕೇಳಿ ಮಾಡಿದ್ದನ್ನು ನಾವು ಒಂದು ಮಧ್ಯಾಹ್ನದಲ್ಲಿ ತಿದ್ದಲು ಹೋಗುವುದು ಯಾಕೆ?

ಒಳಗೆ ತುಂಬಿದ ಹತ್ತಿಯಂಥ ವಸ್ತುವೂ ಅಲಂಕಾರಕ್ಕಲ್ಲ. ಅದನ್ನು ತೆಗೆದರೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅಷ್ಟೇ ತೂಕ ಮತ್ತೆ ತುಂಬಬೇಕು. ಹೆಚ್ಚು ತುಂಬಿದರೂ ಕಡಿಮೆ ತುಂಬಿದರೂ ದನಿ ಬದಲಾಗುತ್ತದೆ. ಹಳದಿ ಗಾಜಿನ ಉಣ್ಣೆಯಾಗಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಮೈಯೆಲ್ಲ ತುರಿಕೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ವೂಫರನ್ನು ಮರಳಿ ಕೂರಿಸುವಾಗ ಸುತ್ತ ಗಾಳಿ ಸೋರದಂತೆ ಫೋಮಿನ ತೆಳು ಪಟ್ಟಿ ಇಡಿ. ಕೂರಿಸಿದ ಮೇಲೆ ಕೋನನ್ನು ಒತ್ತಿ ಬಿಡಿ, ನಿಧಾನವಾಗಿ ಮೇಲೆ ಬಂದರೆ ಪೆಟ್ಟಿಗೆ ಭದ್ರ.

ಒಂದು ಬದಲಾವಣೆ ಮಾತ್ರ ಅಗತ್ಯವಾಗಬಹುದು. ಪೆಟ್ಟಿಗೆಯ ಒಳಗೆ ಸ್ವರಗಳನ್ನು ಭಾಗಮಾಡಿ, ತಗ್ಗಿನದನ್ನು ವೂಫರಿಗೂ ಸಣ್ಣದನ್ನು ಟ್ವೀಟರಿಗೂ ಕಳಿಸುವ ಒಂದು ಪಟ್ಟಿಯಿದೆ, ಕ್ರಾಸ್‌ಓವರ್ ಎಂದು ಹೆಸರು. ಅದರಲ್ಲಿನ ಕೆಪಾಸಿಟರುಗಳು ಮೂವತ್ತು ನಲವತ್ತು ವರ್ಷದಲ್ಲಿ ಒಳಗೇ ಒಣಗುತ್ತವೆ. ತಾಳದ ಝಣ, ಬಳೆಯ ಸದ್ದು, ‘ಸ’ಕಾರ ಮಂಕಾಗಿ ಕೇಳಿದರೆ ಇವುಗಳ ಮೇಲೆ ಸಂಶಯಪಡಿ. ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಅಂಕಿಯದನ್ನೇ, ಪ್ಲಸ್ ಮೈನಸ್ ಭೇದವಿಲ್ಲದ ಬಗೆಯದನ್ನೇ ಹಾಕಿಸಬೇಕು. ಬೆಸುಗೆ ಗೊತ್ತಿಲ್ಲದವರು ರೇಡಿಯೋ ರಿಪೇರಿಯವರ ಕೈಯಲ್ಲಿ ಮಾಡಿಸಿ. ದುಬಾರಿಯ ಫಿಲ್ಮ್ ಕೆಪಾಸಿಟರು ಹಾಕಿಸಿದರೆ ದನಿ ಸ್ವಲ್ಪ ಹೆಚ್ಚೇ ಚುರುಕಾಗಿ ಕಿವಿಗೆ ಚುಚ್ಚುವುದೂ ಉಂಟು. ಆಗ ಒಂದು ಪುಟ್ಟ ರೆಸಿಸ್ಟರ್ ಸೇರಿಸಿ ಮೃದು ಮಾಡುತ್ತಾರೆ. ಸ್ಪೀಕರಿನ ಪೆಟ್ಟಿಗೆ ತೆರೆಯಲು ಭಯವಿಲ್ಲ, ಆದರೆ ಅದಕ್ಕೆ ವಿದ್ಯುತ್ತು ಕೊಡುವ ಆಂಪ್ಲಿಫೈಯರಿನ ಮುಚ್ಚಳವನ್ನು ಮಾತ್ರ ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರಬಹುದು.

ಬಟ್ಟೆ, ಮರ

ಮುಂದಿನ ಬಟ್ಟೆ ಹರಿದಿದ್ದರೆ ಮನೆಯಲ್ಲಿರುವ ಚೆಂದದ ಬಟ್ಟೆಯನ್ನೆಲ್ಲ ಹಾಕಿಬಿಡುವ ಹಾಗಿಲ್ಲ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಉಸಿರು ತಡೆಯಿಲ್ಲದೆ ಆಚೆ ಹೋದರೆ ಹಾಡೂ ಹೋಗುತ್ತದೆ. ಸಡಿಲ ನೇಯ್ಗೆಯದು ಬೇಕು, ದಪ್ಪ ಪರದೆಯ ಬಟ್ಟೆ ಬೇಡ. ಹಳೆಯದು ಬರಿ ಧೂಳಾಗಿದ್ದರೆ ಬ್ರಷ್ಷಿನಿಂದ ಉದುರಿಸಿದರೆ ಸಾಕು. ತೊಳೆಯಲು ಹೋದರೆ ಕೆಲವು ಕುಗ್ಗಿ ಚೌಕಟ್ಟಿಗೆ ಎಟುಕುವುದಿಲ್ಲ.

ಮರದ ಮೇಲ್ಮೈ ಹೆಚ್ಚಾಗಿ ಕಾಗದದಷ್ಟು ತೆಳ್ಳನೆಯ ಪದರ. ಉಪ್ಪುಕಾಗದದಿಂದ ಉಜ್ಜಿದರೆ ಪದರವೇ ಹಾರಿಹೋಗುತ್ತದೆ. ಒದ್ದೆ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮರದ ಎಣ್ಣೆ ತೆಳ್ಳಗೆ ಸವರಿ. ಎಣ್ಣೆ ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯಾದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ. ತಳದಲ್ಲಿ ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಹುಳು ಬಿದ್ದಿದೆ, ಮೊದಲು ಅದಕ್ಕೆ ಔಷಧಿ. ಮತ್ತೆ ಹಜಾರಕ್ಕೆ ಬಂದ ಪೆಟ್ಟಿಗೆಯ ಮೇಲೆ ಕ್ರೋಶಾ ಬಟ್ಟೆ ಹಾಸಿ ಹೂದಾನಿ ಇಡುವ ಆಸೆ ನಮಗೆಲ್ಲ ಇದ್ದದ್ದೇ. ಬಟ್ಟೆ ಹಾಸಿ, ನೀರಿರುವ ಹೂದಾನಿ ಮಾತ್ರ ಬೇಡ. ಕಾಫಿ ಲೋಟವೂ ಬೇಡ.

ಹೊಸ ಫೋಮೂ ಒಂದು ದಿನ ಪುಡಿಯಾಗುವುದೇ. ಬಿಸಿಲು ಬೀಳದ ಕಡೆ ಇಡಿ, ಮಳೆಗಾಲದಲ್ಲಿ ವಾರಕ್ಕೆರಡು ಸಲ ಹಾಡು ಹಾಕಿ ಮುಂದೆ ಕೂತು ಕೇಳಿ, ಒಡಕು ಸದ್ದಿನ ಸುಳಿವು ಸಿಕ್ಕರೆ ಆಗಲೇ ತೆರೆದು ನೋಡಿ. ಭಾರದ ಕೋನು ವರ್ಷಗಟ್ಟಲೆ ಒಂದೇ ಭಂಗಿಯಲ್ಲಿದ್ದರೆ ಕೆಳಕ್ಕೆ ಜೋಲುವುದುಂಟು. ಆದ್ದರಿಂದ ಮರಳಿ ಕೂರಿಸುವಾಗ ವೂಫರನ್ನು ಅರ್ಧ ಸುತ್ತು ತಿರುಗಿಸಿ, ಮೇಲಿದ್ದದ್ದು ಕೆಳಗೆ ಬರುವಂತೆ ತಿರುಪು ಹಾಕುವುದು ಬಲ್ಲವರ ಪದ್ಧತಿ. ಹಾಕುವ ಮುಂಚೆ ಅಯಸ್ಕಾಂತದ ಬೆನ್ನಿಗೆ ಒಂದು ಚೀಟಿ ಅಂಟಿಸಿ, ಅಂಚು ಬದಲಾಯಿಸಿದ ತಿಂಗಳು, ವರ್ಷ, ರಿಂಗಿನ ಅಳತೆ ಬರೆದಿಡಿ. ಮುಂದಿನ ಸಲ ತೆರೆಯುವವರು ಯಾರೋ, ಅವರಿಗೆ ಮತ್ತೆ ಅಳೆಯುವ ಕೆಲಸ ತಪ್ಪುತ್ತದೆ.